ಮೂರನೆಯ ಬಿಲ್ಲೆ

ಜನವರಿ 6

ಪ್ರೀತಿಯ ಗುಂಡು,

ನೀನು ಕಳಿಸಿದ ಪೆಟ್ಟಿಗೆ ನಿನ್ನೆ ತಲುಪಿತು. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಚೆನ್ನಾಗಿದ್ದೀವಿ’ ಅಂದು ಎರಡು ನಿಮಿಷಕ್ಕೆ ಮುಗಿಸುತ್ತೇವೆ. ನಾನು ಹಾಸ್ಟೆಲಿಗೆ ಹೋದಾಗಿನಿಂದ ನಮಗೆ ಮಾತು ಬರುವುದು ಕಾಗದದಲ್ಲೇ.

ಹೊಲಿಗೆ ಯಂತ್ರದ ಪೆಡಲು, ದಾರ ಸುತ್ತುವ ಬಾಬಿನ್ನುಗಳ ಡಬ್ಬಿ, ತಳ ನೆಗ್ಗಿದ ಬಿಂದಿಗೆ ಎಲ್ಲವೂ ಸರಿಯಾಗಿ ಬಂದಿವೆ. ನಾನು ಕೇಳದೇ ಇದ್ದ ಒಂದು ಕಪ್ಪು ಕೊಡೆಯೂ ಬಂದಿದೆ.

ಇವನ್ನೆಲ್ಲ ಇಟ್ಟುಕೊಂಡು ಏನು ಮಾಡುತ್ತೀ ಎಂದು ನೀನು ಎರಡು ಸಲ ಕೇಳಿದೆ. ಎರಡು ಸಲವೂ ‘ಹೀಗೇ ಏನೋ’ ಅಂದೆ. ಈಗ ಹೇಳುತ್ತೇನೆ. ಮುಂದಿನ ಕಲಾಪ್ರದರ್ಶನಕ್ಕೆ, ನಮ್ಮ ಮನೆ ಮುಂದಿನ ಹೊಲಿಗೆ ಅಂಗಡಿಯಲ್ಲಿ ಅಮ್ಮನ ಕೈ ಶಟರಿನ ಕೆಳಗೆ ಸಿಕ್ಕ ಆ ಮಧ್ಯಾಹ್ನವನ್ನು ಕಟ್ಟುತ್ತಿದ್ದೇನೆ. ನೋಡಲು ಮನೆಯ ಹಾಗೆ ಇರುವುದಿಲ್ಲ, ಬರೀ ಚಲನೆ ಮತ್ತು ಶಬ್ದ. ಒಂದು ಉದ್ದನೆಯ ಕಬ್ಬಿಣದ ಅಚ್ಚು ನಿಧಾನವಾಗಿ ತಿರುಗುತ್ತದೆ. ಅದರ ಮೇಲೆ ಐದು ತಗಡಿನ ಬಿಲ್ಲೆಗಳು, ಪ್ರತಿ ಬಿಲ್ಲೆಯ ಅಂಚಿನಲ್ಲೂ ಒಂದು ಉಬ್ಬು. ಯಾವ ಬಿಲ್ಲೆಯ ಉಬ್ಬು ಮೇಲೆ ಬರುತ್ತದೋ ಆ ಬಿಲ್ಲೆಗೆ ಕಟ್ಟಿದ ವಸ್ತು ಅಲುಗುತ್ತದೆ. ಮೊದಲು ಪೆಡಲು ಆಡುತ್ತದೆ. ಆಮೇಲೆ ಬಿಂದಿಗೆಗೆ ನೀರು ಬೀಳುತ್ತದೆ. ನಾನು ಆಗ ಹಿತ್ತಲ ನಲ್ಲಿಯ ಹತ್ತಿರ ಇದ್ದೆನಲ್ಲ. ನಾಲ್ಕನೆಯದು ಬಾಬಿನ್ ಕೈಜಾರಿ ನೆಲದ ಮೇಲೆ ಉರುಳುವುದು. ಐದನೆಯದು ಶಟರ್. ಅದನ್ನು ಕೆಡವಿದ ಅಂಗಡಿಯೊಂದರಿಂದ ತಂದಿದ್ದೇನೆ.

ಮೂರನೆಯ ಬಿಲ್ಲೆ ಖಾಲಿ ಇದೆ. ನೀರು ತುಂಬುತ್ತಿದ್ದಾಗ ನನಗೆ ಇನ್ನೊಂದು ಶಬ್ದ ಕೇಳಿಸುತ್ತಿತ್ತು. ಟೊಕ್, ಟೊಕ್, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಟೊಕ್. ಮೂವತ್ತಮೂರು ವರ್ಷವಾದರೂ ಕಿವಿಯಲ್ಲಿದೆ, ಆದರೆ ಏನೆಂದು ಗೊತ್ತಿಲ್ಲ. ನಿನಗೆ ನೆನಪಿದೆಯಾ? ನೀನೂ ಅಲ್ಲೇ ಎಲ್ಲೋ ಇದ್ದೆ.

ಇನ್ನೆರಡು ಕೇಳಿಕೆ. ಒಂದು, ಬಿಸಿಲಿಗೆಂದು ಶಟರನ್ನು ಅರ್ಧ ಇಳಿಸಿ, ಬೀಳದಿರಲೆಂದು ಆನಿಸುತ್ತಿದ್ದೆವಲ್ಲ, ಆ ಮರದ ಕೋಲು. ಅದು ಮನೆಯಲ್ಲಿ ಎಲ್ಲಾದರೂ ಇದ್ದರೆ ಕಳಿಸು. ಎರಡು, ಪ್ರದರ್ಶನದ ಸುರಕ್ಷತೆ ನೋಡುವವರು ಶಟರು ಹೀಗೆ ಧೊಪ್ಪನೆ ಬೀಳುವ ಹಾಗಿಲ್ಲ, ನಡುವೆ ನಿಲ್ಲಬೇಕು ಎಂದಿದ್ದಾರೆ. ದಿನಾ ಲಿಫ್ಟುಗಳನ್ನು ಬೀಳದ ಹಾಗೆ ಹಿಡಿಯುವವನು ನೀನು. ಒಂದು ಬ್ರೇಕ್ ಮಾಡಿಕೊಡುತ್ತೀಯಾ? ಮಾರ್ಚ್ ಇಪ್ಪತ್ತಕ್ಕೆ ಉದ್ಘಾಟನೆ. ಅಮ್ಮನನ್ನೂ ಕರೆದುಕೊಂಡು ಬಾ.

ಅಕ್ಕ

*

ಜನವರಿ 15

ಅಕ್ಕ,

ಕಾಗದ ಬಂತು. ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಅಲ್ಲ, ಬಿಂದಿಗೆ ತಲುಪಿತು ಅನ್ನುವವರೆಗೆ. ‘ಗುಜರಿಯವನಿಗೆ ಹಾಕಿದ್ರೆ ನಾಲ್ಕು ಕಾಸಾದ್ರೂ ಬರ್ತಿತ್ತು, ಇವಳಿಗೆ ಹಾಕಿದ್ರೆ ಪಾರ್ಸಲ್ ಖರ್ಚೂ ನಮ್ದೇ’ ಅಂದಳು. ಅವಳು ಆರೋಗ್ಯವಾಗಿದ್ದಾಳೆ ಅಂತ ಇದರಲ್ಲೇ ತಿಳಿದುಕೋ.

ಕೋಲು ಸಿಗಲಿಲ್ಲ. ಮೂರು ಮನೆ ಬದಲಾಯಿಸಿದ್ದೇವೆ, ಯಾವುದರಲ್ಲಿ ಬಿಟ್ಟೆವೋ. ಮೂರಡಿ ಉದ್ದದ ಮರ ಎಲ್ಲಿ ಬೇಕಾದರೂ ಸಿಗುತ್ತದೆ, ಒಂದು ಕೊಂಡುಕೋ.

ಆ ಶಬ್ದ ಮಹಡಿ ಮನೆ ಅತ್ತೆ ಖಾರ ಕುಟ್ಟುತ್ತಿದ್ದದ್ದು ಇರಬೇಕು. ಅವರು ಹೊತ್ತುಗೊತ್ತಿಲ್ಲದೆ ಕುಟ್ಟುತ್ತಿದ್ದರು.

ಬ್ರೇಕಿನ ವಿಷಯ ನೋಡೋಣ. ಹದಿನಾಲ್ಕು ಅಂತಸ್ತಿನ ಒಂದು ಕಟ್ಟಡದಲ್ಲಿ ಎರಡು ಲಿಫ್ಟ್ ಕೈಕೊಟ್ಟಿವೆ. ಮೇಲಿನವರು ದಿನಾ ಮೆಟ್ಟಿಲಿಳಿದು ಬಂದು ನನ್ನನ್ನು ಬೈದು ಮತ್ತೆ ಮೆಟ್ಟಿಲು ಹತ್ತುತ್ತಾರೆ. ಅವರಿಗೆ ವ್ಯಾಯಾಮ, ನನಗೆ ಬೈಗುಳ.

ಕೊಡೆ ನಾನು ಹಾಕಿದ್ದಲ್ಲ. ಪೆಟ್ಟಿಗೆಗೆ ಹಗ್ಗ ಬಿಗಿಯುವಾಗ ಅಮ್ಮ ತಂದು ತುರುಕಿದಳು. ಮುರುಕಲು, ಎಸೆದುಬಿಡು.

ಗುಂಡು

*

ಜನವರಿ 24

ಪ್ರೀತಿಯ ಗುಂಡು,

ಕುಟ್ಟುವ ಶಬ್ದ ಅಲ್ಲ. ಪಕ್ಕದ ಬೀದಿಯಿಂದ ಒಂದು ಒರಳು ಎರವಲು ತಂದು, ನಾನು ಕೆಲಸ ಮಾಡುವ ಶೆಡ್ಡಿನ ಹೊರಗೆ ವೆಲ್ಡರ್ ಕೈಯಲ್ಲಿ ಕುಟ್ಟಿಸಿ, ನಾನು ಒಳಗೆ ನಲ್ಲಿ ಬಿಟ್ಟುಕೊಂಡು ಬಿಂದಿಗೆ ಹಿಡಿದು ನಿಂತೆ. ಕುಟ್ಟುವುದರಲ್ಲಿ ಒಂದು ಭಾರ ಇದೆ, ನೆಲಕ್ಕೆ ಇಳಿಯುತ್ತದೆ. ನನ್ನದು ಹಗುರ. ಅಲ್ಲದೆ ಅದರಲ್ಲಿ ಒಂದು ತಪ್ಪುವಿಕೆ ಇತ್ತು. ಬರಬೇಕಾದ ಹೊತ್ತಿಗೆ ಬಾರದೆ ಇರುತ್ತಿತ್ತು.

ನಮ್ಮ ವೆಲ್ಡರಿಗೆ ಅರವತ್ತು ದಾಟಿದೆ. ಎರಡು ದಿನದಿಂದ ನನ್ನನ್ನು ಕಾಡುತ್ತಿದ್ದಾರೆ. ‘ಮೇಡಂ, ಗುಜರಿಯವನೇ ಬೇಡ ಅಂದದ್ದನ್ನೂ ನೀವು ಬಿಡಲ್ಲ. ಮನೇಲಿ ಅಡುಗೆನಾದ್ರೂ ಹೊಸದಾಗಿ ಮಾಡ್ತೀರೋ, ಅದೂ ಎಲ್ಲಿಂದಾದ್ರೂ ಆಯ್ಕೊಂಡು ಬರ್ತೀರೋ?’

ಕೊಡೆಯನ್ನು ಎಸೆಯಲಿಲ್ಲ. ಬಟ್ಟೆ ಪುಡಿಯಾಗಿತ್ತು, ತೆಗೆದೆ. ಒಳಗಿನ ಕೋಲು ಸರಿಯಾಗಿ ನಡುವಿಗೆ ಬಾಗಿತ್ತು, ಮೊಣಕಾಲು ಮಡಿಸಿದ ಹಾಗೆ. ಗಾಳಿಗೆ ಕೊಡೆಯ ಕಡ್ಡಿಗಳು ತಿರುಚಿಕೊಳ್ಳುವುದನ್ನು ನೋಡಿದ್ದೇನೆ, ನಡುಕೋಲು ಹೀಗೆ ಬಾಗಿದ್ದನ್ನು ನೋಡಿಲ್ಲ. ವೈಸಿನಲ್ಲಿ ಕಚ್ಚಿಸಿ ನೆಟ್ಟಗೆ ಮಾಡಿದೆ. ಪೆಡಲಿಗೂ ಅಚ್ಚಿಗೂ ನಡುವೆ ಕೊಂಡಿಯಾಗಿ ಅಳತೆ ಮಾಡಿಸಿದ ಹಾಗೆ ಕೂತಿತು. ಅಮ್ಮನಿಗೆ ಹೇಳು, ಅವಳ ಕೊಡೆ ಉಪಯೋಗಕ್ಕೆ ಬಂತು.

ಈಗ ಒಂದು ವಿಷಯ. ಇದನ್ನು ಬರೆಯಲು ಮೂರು ದಿನ ತೆಗೆದುಕೊಂಡಿದ್ದೇನೆ. ಪ್ರದರ್ಶನದ ಪುಸ್ತಿಕೆ ಫೆಬ್ರವರಿ ಇಪ್ಪತ್ತಕ್ಕೆ ಅಚ್ಚಿಗೆ ಹೋಗುತ್ತದೆ. ಕೃತಿಯ ಕೆಳಗೆ ಒಂದು ಸಾಲು ಹಾಕುತ್ತಿದ್ದೇನೆ: ‘ಶಟರಿಗೆ ಕೋಲು ಆನಿಸುವುದು ನನ್ನ ಕೆಲಸವಾಗಿತ್ತು. ಆ ದಿನ ಮರೆತೆ. ಅಮ್ಮ ಮತ್ತೆ ಹೊಲಿಯಲಿಲ್ಲ.’

ಯಾರೂ ನನ್ನನ್ನು ಬೈಯಲಿಲ್ಲ ಅನ್ನುವುದು ನಿಜ. ಎರಡು ತಿಂಗಳಿಗೆ ದೊಡ್ಡಮ್ಮ ಬಂದು ಹಾಸ್ಟೆಲಿಗೆ ಕರೆದುಕೊಂಡು ಹೋದರು, ಅಷ್ಟೇ. ಅಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಇಂಗ್ಲಿಷು. ‘ನಾನು ಮರೆತೆ’ ಅನ್ನುವುದನ್ನು ಆ ಭಾಷೆಯಲ್ಲೇ ಮೊದಲು ಜೋರಾಗಿ ಹೇಳಿಕೊಂಡೆ, ಯಾಕೆಂದರೆ ಅದು ನನ್ನ ಮಾತು ಅನ್ನಿಸುತ್ತಿರಲಿಲ್ಲ. ಒಂದು ವಿಚಿತ್ರ ಕೇಳು. ಕೋಲು ಆನಿಸಿದ ನೆನಪು ನನ್ನ ಕೈಗೆ ಇದೆ. ಬೆರಳಿಗೆ ಅದರ ಒರಟು, ತುದಿ ಶಟರಿನ ಅಂಚಿಗೆ ಕಚ್ಚಿಕೊಂಡಾಗಿನ ಸಣ್ಣ ಅದುರು. ಆದರೆ ಕೂಗು ಕೇಳಿ ಓಡಿ ಬಂದಾಗ ಕೋಲು ಗೋಡೆಯ ಪಕ್ಕ ಬಿದ್ದಿತ್ತು. ಕೈ ಒಂದು ಹೇಳಿತು, ಕಣ್ಣು ಒಂದು ಹೇಳಿತು. ನಾನು ಕಣ್ಣನ್ನು ನಂಬಿದೆ.

ನಿನಗೇನಾದರೂ ಹೇಳುವುದಿದ್ದರೆ ಇಪ್ಪತ್ತರೊಳಗೆ ಬರೆ.

ಅಕ್ಕ

*

ಫೆಬ್ರವರಿ 12

ಅಕ್ಕ,

ತಡವಾಯಿತು, ಕೆಲಸ.

ಆ ಸಾಲು ಹಾಕಬೇಡ. ಬಂದವರೆಲ್ಲ ಓದಿಕೊಂಡು ಹೋಗುವುದಕ್ಕೆ ಅದೇನು ಬಸ್ಸಿನ ಬೋರ್ಡೇ? ನಮ್ಮ ಮನೆಯ ವಿಷಯ ಮನೆಯಲ್ಲಿರಲಿ. ಪೆಡಲು ಆಡುತ್ತದೆ, ಶಟರು ಬೀಳುತ್ತದೆ, ಜನ ನೋಡುತ್ತಾರೆ. ಸಾಕಲ್ಲ.

ಅಮ್ಮನನ್ನು ಕರೆದುಕೊಂಡು ಬರುವುದು ಕಷ್ಟ. ಒಂಬತ್ತು ಗಂಟೆಯ ಪ್ರಯಾಣ, ಅವಳ ಸೊಂಟ ನಿನಗೆ ಗೊತ್ತು. ಬ್ರೇಕಿಗೆ ಅಲ್ಲೇ ಯಾರನ್ನಾದರೂ ಹಿಡಿ.

ಶಬ್ದ ಬಡಗಿಯದ್ದಿರಬಹುದು. ಎದುರು ಸಾಲಿನಲ್ಲಿ ಒಬ್ಬ ಕುರ್ಚಿ ಮಾಡುತ್ತಿದ್ದ.

ಕೊಡೆ ಪೂರ್ತಿ ನೆಟ್ಟಗಾಯಿತಾ? ಗುರುತು ಏನೂ ಉಳಿಯಲಿಲ್ಲವಾ?

ಗುಂಡು

*

ಫೆಬ್ರವರಿ 19

ಗುಂಡು,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಪ್ರತಿ ಸಲವೂ ಒಂದೇ ಅರ್ಥ ಬಂತು. ನಿನಗೆ ನನ್ನ ಮೇಲೆ ಸಿಟ್ಟಿದೆ. ಯಾವತ್ತಿನಿಂದಲೂ ಇತ್ತು ಅನ್ನಿಸುತ್ತದೆ, ನಾನೇ ನೋಡಲಿಲ್ಲ.

ನಾನು ಹಾಸ್ಟೆಲಿನಲ್ಲಿ ಪುಸ್ತಕ ಓದುತ್ತಿದ್ದಾಗ ನೀನು ಒಂಬತ್ತು ವರ್ಷದವನು ಅಮ್ಮನ ರವಿಕೆಗೆ ಗುಂಡಿ ಹಾಕುತ್ತಿದ್ದೆ, ಜಡೆ ಹೆಣೆಯುತ್ತಿದ್ದೆ, ಪಾತ್ರೆ ತಿಕ್ಕುತ್ತಿದ್ದೆ. ಅಪ್ಪ ಲಾರಿ ಹತ್ತಿದರೆ ಹದಿನೈದು ದಿನ ಇಳಿಯುತ್ತಿರಲಿಲ್ಲ. ರಜೆಗೆ ಬಂದಾಗ ನಿನ್ನ ಬಿರುಕು ಬಿಟ್ಟ ಅಂಗೈ ನೋಡಿಯೂ ನಾನು ಏನೂ ಕೇಳಲಿಲ್ಲ. ತಪ್ಪು ಮಾಡಿದವಳು ನಾನು, ಶಿಕ್ಷೆ ಅನುಭವಿಸಿದವನು ನೀನು. ಈಗ ಅದರಿಂದಲೇ ನಾನು ಹೆಸರು ಮಾಡಿಕೊಳ್ಳಲು ಹೊರಟಿದ್ದೇನೆ ಅಂತ ನಿನಗೆ ಅನ್ನಿಸಿದರೆ ನಿನ್ನ ಮೇಲೆ ತಪ್ಪಿಲ್ಲ. ನನಗೂ ಆ ಅನುಮಾನ ಇದೆ.

ಆದರೂ ಸಾಲನ್ನು ಕಳಿಸಿದ್ದೇನೆ. ನಿನ್ನ ಸಿಟ್ಟು ಗೊತ್ತಾದ ಮೇಲೆ ಅದನ್ನು ಬಚ್ಚಿಡುವುದು ಇನ್ನೂ ಕೆಟ್ಟದ್ದು ಅನ್ನಿಸಿತು. ನಾಳೆ ಅಚ್ಚಾಗುತ್ತದೆ.

ಕೊಡೆಯ ಕೋಲು ನೆಟ್ಟಗಾಗಿದೆ. ಕೈಯಾಡಿಸಿದರೆ ಮಾತ್ರ ಬಾಗಿದ ಜಾಗ ಗೊತ್ತಾಗುತ್ತದೆ. ಅದನ್ನು ಯಾಕೆ ಕೇಳಿದೆ?

ಅಕ್ಕ

*

ಫೆಬ್ರವರಿ 23

ಗುಂಡು,

ಉತ್ತರ ಬರುವ ಮುಂಚೆಯೇ ಮತ್ತೆ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ ಆ ಶಬ್ದ ಕೇಳಿಸಿತು. ಓಡಿ ಹೋಗಿ ನೋಡಿದರೆ ವೆಲ್ಡರರ ಮೊಮ್ಮಗಳು. ಒಂದು ಹಲಗೆ ತುಂಡು ಹಿಡಿದು ರಬ್ಬರ್ ಚೆಂಡನ್ನು ಗೋಡೆಗೆ ಹೊಡೆಯುತ್ತಿದ್ದಳು. ಮರಕ್ಕೆ ತಗಲಿದಾಗ ಒಂದು, ಗೋಡೆಗೆ ತಗಲಿದಾಗ ಒಂದು. ನಾನು ಇಷ್ಟು ದಿನ ಒಂದೇ ಶಬ್ದ ಹುಡುಕುತ್ತಿದ್ದೆ, ಅದು ಎರಡು. ಚೆಂಡು ತಪ್ಪಿಹೋದರೆ ಓಡಿ ತರುವವರೆಗೆ ಏನೂ ಇರುವುದಿಲ್ಲ.

‘ಏನ್ ಅಜ್ಜಿ, ಯಾಕೆ ಹಂಗೆ ನೋಡ್ತಿದ್ದೀರಾ, ನಿಮಗೂ ಬೇಕಾ?’ ಅಂದಳು. ನಾನು ಅಜ್ಜಿಯಾಗಿದ್ದು ಕೂಡ ಆಗ ಮನಸ್ಸಿಗೆ ಹತ್ತಲಿಲ್ಲ.

ನಮ್ಮ ಮನೆಯಲ್ಲಿ ಬ್ಯಾಟ್ ಇರಲಿಲ್ಲ. ನೀನು ಯಾವುದರಲ್ಲಿ ಆಡುತ್ತಿದ್ದೆ?

ಅಕ್ಕ

*

ಮಾರ್ಚ್ 1

ಅಕ್ಕ,

ಇದರ ಜೊತೆ ಉದ್ದನೆಯ ಕಟ್ಟು ಒಂದು ಬರುತ್ತದೆ. ಅದು ಕೋಲು. ಕಳೆದಿರಲಿಲ್ಲ. ಮೂರು ಮನೆಗೂ ನಾನೇ ಹೊತ್ತುಕೊಂಡು ಹೋದೆ. ಈಗಿನ ಮನೆಯಲ್ಲಿ ಅಟ್ಟದ ಮೇಲೆ, ನನ್ನ ಹಳೆಯ ಟೂಲ್ ಬಾಕ್ಸಿನ ಹಿಂದೆ ಇತ್ತು. ನನ್ನ ಹೆಂಡತಿ ಎರಡು ಸಲ ಒಲೆಗೆ ಹಾಕಲು ಹೋಗಿದ್ದಳು, ನಾನು ಕಿರುಚಿದ್ದೆ. ಯಾಕೆ ಅಂತ ಅವಳಿಗೂ ಹೇಳಿಲ್ಲ. ಒಂದು ಪಕ್ಕದಲ್ಲಿ ಸಣ್ಣ ಸಣ್ಣ ತಗ್ಗು ಇವೆ, ಬೆರಳಾಡಿಸಿ ನೋಡು.

ನೀನು ಕೋಲು ಹಾಕಿದ್ದೆ. ಸರಿಯಾಗಿ ಹಾಕಿದ್ದೆ. ನೀನು ಹಿತ್ತಲಿಗೆ ಹೋದ ಮೇಲೆ ನಾನು ಶಟರಿಗೆ ಬೆನ್ನು ಕೊಟ್ಟು ಎತ್ತಿ, ಬ್ಯಾಟಿಗೆಂದು ಅದನ್ನು ತೆಗೆದೆ. ಬರೀ ತೆಗೆಯಲಿಲ್ಲ ಅಕ್ಕ, ನನಗೂ ಅಷ್ಟು ಬುದ್ಧಿ ಇತ್ತು. ಅದರ ಬದಲಿಗೆ ಅಮ್ಮನ ಕೊಡೆ ನಿಲ್ಲಿಸಿದೆ. ಉದ್ದ ಒಂದೇ ಇತ್ತು. ಒಂಬತ್ತು ವರ್ಷದವನಿಗೆ ಉದ್ದ ಕಾಣುತ್ತದೆ, ಭಾರ ಕಾಣುವುದಿಲ್ಲ. ಅದು ತಡೆದುಕೊಂಡಿತು. ಇಪ್ಪತ್ತು ಮೂವತ್ತು ಸಲ ಹೊಡೆದಿದ್ದೇನೆ, ಅಲ್ಲಿಯವರೆಗೂ ತಡೆದುಕೊಂಡಿತ್ತು. ಆಮೇಲೆ ಅಮ್ಮನ ಬಾಬಿನ್ ಉರುಳಿ ಹೊಸ್ತಿಲ ಕಬ್ಬಿಣದ ಪಟ್ಟಿಯಲ್ಲಿ ಸಿಕ್ಕಿಕೊಂಡಿತು, ಅವಳು ಬಗ್ಗಿ ಕೈ ಹಾಕಿದಳು.

ಕೂಗು ಕೇಳಿ ಬಂದು ನಾನು ಮೊದಲು ಮಾಡಿದ್ದು ಏನು ಗೊತ್ತಾ? ಅಮ್ಮನ ಕೈ ಎತ್ತಲಿಲ್ಲ. ಬಾಗಿದ ಕೊಡೆ ಎಳೆದು ಬಾಗಿಲ ಹಿಂದೆ ಹಾಕಿದೆ, ಕೋಲನ್ನು ಗೋಡೆಯ ಪಕ್ಕ ಮಲಗಿಸಿದೆ. ಆಮೇಲೆ ಶಟರಿಗೆ ಕೈ ಹಾಕಿದೆ. ಅಷ್ಟು ಹೊತ್ತು ಅವಳ ಕೈ ಅಲ್ಲೇ ಇತ್ತು. ಇದನ್ನು ಯಾರಿಗೂ ಹೇಳಲಾಗಲಿಲ್ಲ.

ಅಮ್ಮ ಒಂದು ಮಾತು ಕೇಳಲಿಲ್ಲ. ಆದರೆ ಆ ಕೊಡೆಯನ್ನು ರಿಪೇರಿಗೆ ಕೊಡಲು ಬಿಡಲಿಲ್ಲ, ಎಸೆಯಲೂ ಬಿಡಲಿಲ್ಲ. ಹೋದ ಮನೆಯಲ್ಲೆಲ್ಲ ಬಾಗಿಲ ಹಿಂದೆ ನೇತು ಹಾಕಿದಳು. ಮೂವತ್ತಮೂರು ವರ್ಷ ನಾನು ಅದರ ಕೆಳಗೆ ನಿಂತೇ ಚಪ್ಪಲಿ ಮೆಟ್ಟಿಕೊಂಡಿದ್ದೇನೆ. ಅದನ್ನು ನಿನ್ನ ಪೆಟ್ಟಿಗೆಗೆ ತುರುಕಿದಾಗ ‘ಅವಳಿಗೆ ಬೇಕಾಗುತ್ತೆ’ ಅಂದಳು. ಅಂದಿನಿಂದ ನನಗೆ ಊಟ ಸೇರಿಲ್ಲ. ನೀನು ಅದನ್ನು ನೆಟ್ಟಗೆ ಮಾಡಿದೆ ಅಂತ ಬರೆದಾಗ ಮೊದಲು ಉಸಿರು ಬಂತು. ಆಮೇಲೆ ಆ ಉಸಿರಿಗೆ ನಾಚಿಕೆಯಾಯಿತು.

ನಿನ್ನೆ ಅಮ್ಮನನ್ನೇ ಕೇಳಿದೆ. ಗೊತ್ತಿದ್ದೂ ಅಕ್ಕನಿಗೆ ಯಾಕೆ ಹೇಳಲಿಲ್ಲ ಅಂತ. ‘ಅವಳು ಕೇಳಿದ್ರೆ ಹೇಳ್ತಿದ್ದೆ. ಅವಳು ಕೇಳ್ಲೇ ಇಲ್ಲ’ ಅಂದಳು. ಹಾಸ್ಟೆಲ್ ವಿಷಯವನ್ನೂ ಕೇಳಿದೆ. ‘ಅವಳು ಇಲ್ಲಿದ್ದಿದ್ರೆ ನನ್ನ ಎರಡು ಕೈಯೂ ಅವಳೇ ಆಗ್ಬೇಕಿತ್ತು. ಹುಡುಗಿ ಅಂದ್ರೆ ಎಲ್ರೂ ಅದನ್ನೇ ಮಾಡಿಸ್ತಿದ್ರು. ಮಾಡಿದವನು ಮಾಡ್ಲಿ ಅಂತ ಅವಳನ್ನ ಕಳಿಸಿದೆ’ ಅಂದಳು. ಗೋಡೆ ನೋಡಿಕೊಂಡು ಹೇಳಿದಳು, ನನ್ನನ್ನು ನೋಡಲಿಲ್ಲ.

ಸಿಟ್ಟಿದ್ದರೆ ನನಗೆ ನನ್ನ ಮೇಲಿದೆ. ನಿನ್ನ ಸಾಲು ಅಚ್ಚಾಗುವ ಮುಂಚೆ ಹೇಳಬೇಕಿತ್ತು. ನೀನು ಗಡುವು ಕೊಟ್ಟಿದ್ದೆ. ಅದು ದಾಟಲಿ ಅಂತಲೇ ನಾನು ಕಾದೆ.

ಗುಂಡು

*

ಮಾರ್ಚ್ 8

ಗುಂಡು,

ಕಟ್ಟು ಬಿಚ್ಚಿ ಒಂದು ದಿನ ಪೂರ್ತಿ ಕೋಲನ್ನು ಮುಟ್ಟಲಿಲ್ಲ. ಮಾರನೆಯ ದಿನ ಶಟರಿಗೆ ಆನಿಸಿದೆ. ತುದಿ ಕಚ್ಚಿಕೊಂಡಾಗ ಅದೇ ಸಣ್ಣ ಅದುರು. ನನ್ನ ಕೈ ಸುಳ್ಳು ಹೇಳಿರಲಿಲ್ಲ. ಅದನ್ನು ನಂಬದೆ ಅರ್ಧ ಆಯಸ್ಸು ಕಳೆದೆನಲ್ಲ ಅಂತ ಸಿಟ್ಟು ಬಂತು. ನಿನ್ನ ಮೇಲೂ ಬಂತು. ಇಲ್ಲ ಅಂದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಆಮೇಲೆ, ಅಮ್ಮನ ಕೈ ಅಷ್ಟು ಹೊತ್ತು ಅಲ್ಲೇ ಇತ್ತು ಅಂತ ನೀನು ಬರೆದದ್ದನ್ನು ಮತ್ತೆ ಓದಿದೆ. ಒಂಬತ್ತು ವರ್ಷದ ಮಗು ಎರಡು ಹೆಜ್ಜೆ ಓಡಿ ಒಂದು ಕೊಡೆ ಬಚ್ಚಿಡಲು ಎಷ್ಟು ಹೊತ್ತು ಬೇಕು? ಅಚ್ಚನ್ನು ತಿರುಗಿಸಿ ಲೆಕ್ಕ ಹಾಕಿದೆ. ಬಿಲ್ಲೆಯ ಮೇಲೆ ಅದು ಒಂದು ಬೆರಳಿನಗಲವೂ ಇಲ್ಲ. ಅಷ್ಟರಲ್ಲಿ ನೀನು ಮೂವತ್ತಮೂರು ವರ್ಷ ಬದುಕಿದ್ದೀಯ.

ಕೊಡೆಯ ಕೋಲನ್ನು ಮೊದಲಿನ ಹಾಗೆ ಬಾಗಿಸಲು ಹೋದೆ. ಆಗಲಿಲ್ಲ. ಬಾಗಿಸಿ ನೆಟ್ಟಗೆ ಮಾಡಿದ ಕಬ್ಬಿಣ ಎರಡನೆಯ ಸಲ ಬಾಗುವುದಿಲ್ಲ, ಮುರಿಯುತ್ತದೆ. ಮುರಿಯಿತು. ಇದ್ದ ಒಂದೇ ಸಾಕ್ಷಿಯನ್ನು ನಾನೇ ಉಪಯೋಗಕ್ಕೆ ಬರಲಿ ಅಂತ ಹಾಳು ಮಾಡಿದೆ. ಅಮ್ಮ ಅಷ್ಟು ವರ್ಷ ಕಾಪಾಡಿದ್ದಳು, ನಾನು ಹತ್ತು ನಿಮಿಷದಲ್ಲಿ ಸರಿ ಮಾಡಿಬಿಟ್ಟೆ. ಎರಡು ತುಂಡನ್ನೂ ಶಟರಿನ ಪಕ್ಕ ತೂಗು ಹಾಕಿದ್ದೇನೆ.

ಅಮ್ಮನ ಉತ್ತರ ನನಗೆ ಸಾಲದು. ಹನ್ನೆರಡು ವರ್ಷದವಳು ಏನಂತ ಕೇಳಬೇಕಿತ್ತು? ಇದನ್ನು ಅವಳಿಗೆ ಓದಿ ಹೇಳು. ಏನನ್ನೂ ಬಿಡಬೇಡ.

ಪುಸ್ತಿಕೆ ಅಚ್ಚಾಗಿ ಬಂದಿದೆ, ನನ್ನ ಸುಳ್ಳು ಸಾಲಿನ ಜೊತೆ. ಅದರ ಕೆಳಗೆ ಒಂದು ಚೀಟಿ ಅಂಟಿಸಬಹುದು ಅನ್ನುತ್ತಾರೆ. ಅದರಲ್ಲಿ ಏನಿರಬೇಕು ಅನ್ನುವುದನ್ನು ನೀನು ಹೇಳು. ಏನೂ ಬೇಡ ಅಂದರೆ ಆ ಸಾಲು ಹಾಗೇ ಇರಲಿ. ನಾನು ನಂಬಿದ್ದು ಅದನ್ನೇ.

ಶಟರಿಗೆ ಬ್ರೇಕ್ ಇನ್ನೂ ಇಲ್ಲ. ಇಲ್ಲಿಯ ಇಬ್ಬರು ಬಂದು ನೋಡಿದರು. ‘ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಹೇಳಿ, ಕೂರಿಸಿ ಕೊಡ್ತೀವಿ’ ಅಂದರು. ನನಗೆ ಹೇಳಲಾಗಲಿಲ್ಲ. ಹದಿನೆಂಟಕ್ಕೆ ಪರೀಕ್ಷೆಗೆ ಬರುತ್ತಾರೆ. ನಿಲ್ಲದಿದ್ದರೆ ಶಟರನ್ನೇ ತೆಗೆಸುತ್ತಾರೆ.

ಅಕ್ಕ

*

ಮಾರ್ಚ್ 13

ಅಕ್ಕ,

ಓದಿ ಹೇಳಿದೆ, ಏನೂ ಬಿಡಲಿಲ್ಲ. ತನ್ನ ಬಗ್ಗೆ ಬರೆದದ್ದನ್ನು ಅಮ್ಮ ಇನ್ನೊಮ್ಮೆ ಓದಿಸಿದಳು. ಆಮೇಲೆ, ‘ಸಾಲದು ಅಂದ್ಲಾ? ಸಾಲದು ಅನ್ನೋದು ನಿಜ. ಎದುರಿಗೆ ಕೂತು ಕೇಳ್ಲಿ, ಕಾಗದದಲ್ಲಿ ಬೇಡ’ ಅಂದಳು. ಸೊಂಟದ ಮಾತೆತ್ತಿದೆ. ‘ನನ್ನ ಸೊಂಟಕ್ಕೆ ನೀನು ಯಾವಾಗಿಂದ ವಕೀಲ ಆದೆ?’ ಅಂದಳು. ಹದಿನೇಳಕ್ಕೆ ಹೊರಡುತ್ತೇವೆ.

ಚೀಟಿ ಅಂಟಿಸು. ‘ಕೋಲು ತೆಗೆದವನು ತಮ್ಮ’ ಅಂತ ಹಾಕು. ಅಷ್ಟು ಸಾಕು, ವಯಸ್ಸು ಬೇಡ. ವಯಸ್ಸು ಹಾಕಿದರೆ ಓದಿದವರು ಪಾಪ ಅಂತಾರೆ.

ಮೂರನೆಯ ಬಿಲ್ಲೆಗೆ ಕೈ ಹಚ್ಚಬೇಡ. ಅರ ತರುತ್ತೇನೆ, ಉಬ್ಬುಗಳನ್ನು ನಾನೇ ಉಜ್ಜಿ ಮಾಡುತ್ತೇನೆ. ನಾಲ್ಕು ಹೊಡೆದರೆ ಒಂದು ತಪ್ಪುತ್ತಿತ್ತು. ಎಲ್ಲಿ ತಪ್ಪಬೇಕು ಅಂತ ನನಗೆ ಗೊತ್ತು.

ಬ್ರೇಕಿನ ಹಲ್ಲು ಸಿದ್ಧ ಇದೆ. ಲಿಫ್ಟಿನದ್ದೇ, ಹಗ್ಗ ಸಡಿಲವಾದ ತಕ್ಷಣ ಕಂಬಿಯನ್ನು ಕಚ್ಚಿ ಹಿಡಿಯುತ್ತದೆ. ಎತ್ತರವನ್ನು ನಾನೂ ಹೇಳಲಾಗದೆ ಅಮ್ಮನನ್ನೇ ಕೇಳಿದೆ. ಹಳೆಯ ಟೇಪ್ ತರಿಸಿದಳು. ಬಲಗೈಯನ್ನು ಮೇಜಿನ ಮೇಲಿಟ್ಟಳು, ಆ ಎರಡು ಬೆರಳು ಮಡಿಯುವುದಿಲ್ಲವಲ್ಲ, ಹಾಗೇ ನಿಂತವು. ಎಡಗೈಯಲ್ಲಿ ಟೇಪ್ ಹಿಡಿದು ತಾನೇ ಅಳೆದಳು. ನಾಲ್ಕು ಇಂಚು.

ನಾಲ್ಕು ಅಂತ ಬರೆದುಕೊಳ್ಳುತ್ತಿದ್ದೆ. ಪೆನ್ನು ಕಿತ್ತುಕೊಂಡಳು.

‘ಅಳತೆಗೆ ಸರಿಯಾಗಿ ಯಾರಾದ್ರೂ ಕತ್ತರಿಸ್ತಾರಾ? ಒಂದಿಂಚು ಜಾಸ್ತಿ ಬಿಡು. ಕೈ ಹಿಂದಕ್ಕೆ ತಗೊಳ್ಳೋಕೆ ಬೇಕು.’

ಗುಂಡು